ಅಂಗಡಿಯ ಲೆಕ್ಕ: ಕಸದ ಬಾಬತ್ತಿಗೆ ಒಂದು ಪುಟ



ಅಂಗಡಿ ನಡೆಸುವವರು ಬಾಡಿಗೆಗೆ ಲೆಕ್ಕ ಇಡುತ್ತಾರೆ, ಕರೆಂಟಿಗೆ ಇಡುತ್ತಾರೆ, ಹಮಾಲಿಗೆ, ಲಾರಿ ಬಾಡಿಗೆಗೆ, ಆಳುಗಳ ಟೀ ಕಾಫಿಗೆ ಕೂಡ ಇಡುತ್ತಾರೆ. ಆದರೆ ಕಸಕ್ಕೆಂದು ಖಾತೆ ಪುಸ್ತಕದಲ್ಲಿ ಒಂದು ಪುಟ ಬಿಟ್ಟವರು ಬಹಳ ಕಡಿಮೆ. ಈಚಿನ ವರ್ಷಗಳಲ್ಲಿ ಪಟ್ಟಣ ಪಂಚಾಯಿತಿ, ನಗರಸಭೆಗಳು ಕಸ ಒಯ್ಯುವುದಕ್ಕೆ ಅಂಗಡಿಗಳಿಂದ ಶುಲ್ಕ ಕೇಳತೊಡಗಿದ ಮೇಲೆ ಇಬ್ಬರು ವ್ಯಾಪಾರಿಗಳು ಸೇರಿದ ಕಡೆಯೆಲ್ಲ ಅದೇ ದೂರು. "ಕಸಕ್ಕೂ ದುಡ್ಡು ಕೊಡುವ ಕಾಲ ಬಂತಲ್ಲ ಸ್ವಾಮಿ" ಎನ್ನುತ್ತಾರೆ. 2016ರ ಘನತ್ಯಾಜ್ಯ ನಿಯಮಗಳಲ್ಲೇ ಇಂಥ ಶುಲ್ಕಕ್ಕೆ ದಾರಿ ಮಾಡಿಕೊಟ್ಟಿದ್ದರು. ಈಗ ಅದನ್ನು ಬಯ್ದು ಪ್ರಯೋಜನವಿಲ್ಲ. ನಾನು ಈ ತಿಂಗಳು ಹೇಳಹೊರಟಿರುವುದು ಬೇರೆ. ಕಸ ಒಯ್ಯುವವರಿಗೆ ಕೊಡುವ ದುಡ್ಡು ಕಸದ ಖರ್ಚಿನಲ್ಲಿ ಬಾಲ ಮಾತ್ರ. ಅದರ ತಲೆಯೂ ಮುಂಡವೂ ನಾವು ಸರಕು ಕೊಳ್ಳುವ ಕಡೆ ಇವೆ.

ಹೇಗೆಂದರೆ, ಅಂಗಡಿಯಿಂದ ಕಸವಾಗಿ ಹೊರಗೆ ಹೋಗುವ ವಸ್ತುವಿಗೆ ನಾವು ಮೂರು ಸಲ ಹಣ ತೆತ್ತಿರುತ್ತೇವೆ. ಕೊಳ್ಳುವಾಗ ಒಂದು ಸಲ. ತಂದು ಇಳಿಸಿ, ಜಾಗ ಕೊಟ್ಟು, ಕಾದು, ಗುಡಿಸಿ ಎತ್ತುವಾಗ ಎರಡನೆಯ ಸಲ. ಒಯ್ಯುವವರಿಗೆ ಮೂರನೆಯ ಸಲ. ಈ ಮೂರನೆಯದಕ್ಕೆ ಮಾತ್ರ ರಸೀದಿ ಇರುವುದರಿಂದ ಅದೊಂದೇ ಕಣ್ಣಿಗೆ ಬೀಳುತ್ತದೆ. ಮೊದಲಿನೆರಡು ಸರಕಿನ ಬಾಬತ್ತಿನಲ್ಲಿ ಮುಳುಗಿಹೋಗಿರುತ್ತವೆ.

ಒಂದು ಸಣ್ಣ ಲೆಕ್ಕ ನೋಡೋಣ. ಒಂದು ಕಿರಾಣಿ ಅಂಗಡಿಯಲ್ಲಿ ದಿನಕ್ಕೆ 40 ರೂಪಾಯಿನ ಸರಕು ಹಾಳಾಗುತ್ತದೆ ಎಂದಿಟ್ಟುಕೊಳ್ಳಿ. ಹುಳು ಬಿದ್ದ ಅರ್ಧ ಕಿಲೋ ಕಾಳು, ಇಲಿ ಕಡಿದ ಒಂದು ಪೊಟ್ಟಣ, ತೇದಿ ಮುಗಿದ ಒಂದು ಬಿಸ್ಕತ್ತು. 40 ರೂಪಾಯಿ ಆಗಿಯೇ ಹೋಯಿತು, ದೊಡ್ಡದೆಂದು ಯಾರಿಗೂ ಅನಿಸುವುದಿಲ್ಲ. ವರ್ಷಕ್ಕೆ 300 ದಿನ ಅಂಗಡಿ ತೆರೆದರೆ 12,000 ರೂಪಾಯಿ ಆಯಿತು. ಆ ಅಂಗಡಿಗೆ ನೂರಕ್ಕೆ 8 ರೂಪಾಯಿ ನಿವ್ವಳ ಲಾಭ ಉಳಿಯುತ್ತದೆ ಎಂದರೆ, ಈ 12,000 ರೂಪಾಯಿ ತುಂಬಿಕೊಳ್ಳಲು ಒಂದೂವರೆ ಲಕ್ಷ ರೂಪಾಯಿನ ವ್ಯಾಪಾರ ಮಾಡಬೇಕು. ಅಷ್ಟು ವ್ಯಾಪಾರವೂ ಲಾಭವಿಲ್ಲದೆ ಬರೀ ಕಸದ ಗುಂಡಿ ತುಂಬಲು ಹೋಯಿತು. ಹೊಸ ಗಿರಾಕಿಗಳನ್ನು ಹುಡುಕಿ ಒಂದೂವರೆ ಲಕ್ಷದ ವ್ಯಾಪಾರ ಹೆಚ್ಚಿಸುವುದು ಕಷ್ಟವೋ, ದಿನಕ್ಕೆ 40 ರೂಪಾಯಿ ಹಾಳಾಗದಂತೆ ನೋಡಿಕೊಳ್ಳುವುದು ಕಷ್ಟವೋ ನೀವೇ ಹೇಳಿ.

ಇದರ ಮೇಲೆ ತೆರಿಗೆಯ ಪೆಟ್ಟು ಬೇರೆ ಇದೆ. 2017ರ ಜಿಎಸ್‌ಟಿ ಕಾಯ್ದೆಯ 17ನೆಯ ಕಲಮಿನಲ್ಲಿ ಸ್ಪಷ್ಟವಾಗಿ ಹೇಳಿದೆ: ಸರಕು ಕಳೆದುಹೋದರೆ, ಕಳುವಾದರೆ, ನಾಶವಾದರೆ ಅಥವಾ ಲೆಕ್ಕದಿಂದ ತೆಗೆದುಹಾಕಿದರೆ, ಅದನ್ನು ಕೊಂಡಾಗ ಕಟ್ಟಿದ ತೆರಿಗೆಯನ್ನು ನಾವು ಕಟ್ಟಬೇಕಾದ ತೆರಿಗೆಯಲ್ಲಿ ವಜಾ ಮಾಡಿಕೊಳ್ಳುವ ಹಾಗಿಲ್ಲ. ಮೊದಲೇ ಮಾಡಿಕೊಂಡಿದ್ದರೆ ತಿರುಗಿ ಕಟ್ಟಬೇಕು. ನೂರು ರೂಪಾಯಿ ಬೆಲೆಗೆ 5 ರೂಪಾಯಿ ತೆರಿಗೆಯ ಸರಕನ್ನು ತಿಪ್ಪೆಗೆ ಹಾಕಿದಿರಿ ಎಂದರೆ ಲುಕ್ಸಾನು 100 ಅಲ್ಲ, 105. ಕಾಂಪೊಸಿಷನ್ ಪದ್ಧತಿಯಲ್ಲಿರುವ ಚಿಕ್ಕ ಅಂಗಡಿಯವರಿಗೆ ವಜಾ ಎಂಬುದೇ ಇಲ್ಲವಾದ್ದರಿಂದ ಅವರಿಗೂ ಪೂರ್ತಿ 105 ಹೋದಂತೆಯೇ. ಕಂಪನಿಯವರು ಹಿಂದಕ್ಕೆ ತೆಗೆದುಕೊಳ್ಳುವ ಸರಕಾದರೆ ಅವರು ಹೇಳಿದ ಗಡುವಿಗೆ ಮುಂಚೆಯೇ ಒಪ್ಪಿಸಿ ಕ್ರೆಡಿಟ್ ನೋಟು ಬರೆಸಿಕೊಳ್ಳಬೇಕು. ಏಜೆಂಟರು "ಆಮೇಲೆ ನೋಡೋಣ ಅಣ್ಣ" ಎಂದರೆ ಆ ಆಮೇಲೆ ಬರುವುದೇ ಇಲ್ಲ.

ಆದ್ದರಿಂದ ಮೊದಲ ಕೆಲಸ, ಕಸಕ್ಕೆ ಒಂದು ಪುಟ ತೆರೆಯುವುದು. ಒಂದು ತಿಂಗಳು ಮಾತ್ರ ಸಾಕು. ಸಂಜೆ ಬಾಗಿಲು ಹಾಕುವ ಮುಂಚೆ, ಆ ದಿನ ಬುಟ್ಟಿಗೆ ಹೋದದ್ದು ಏನು, ಎಷ್ಟು, ಕೊಂಡ ಬೆಲೆ ಎಷ್ಟು, ಯಾಕೆ ಹಾಳಾಯಿತು ಎಂದು ನಾಲ್ಕು ಮನೆ ಹಾಕಿ ಬರೆಯುವುದು. ಮಾರುವ ಬೆಲೆ ಬರೆಯಬೇಡಿ, ಕೊಂಡ ಬೆಲೆ ಬರೆಯಿರಿ. "ಯಾಕೆ" ಎಂಬ ನಾಲ್ಕನೆಯ ಮನೆಯೇ ಮುಖ್ಯ. ಅಲ್ಲಿ ಹುಳು, ಇಲಿ, ತೇವ, ತೇದಿ, ಒಡೆದದ್ದು, ಹೆಚ್ಚಾಗಿ ತಂದದ್ದು ಎಂಬ ಐದಾರು ಮಾತುಗಳೇ ಮತ್ತೆ ಮತ್ತೆ ಬರುತ್ತವೆ. ತಿಂಗಳ ಕೊನೆಗೆ ಕೂಡಿಸಿದರೆ ಯಾವ ಬಾಗಿಲಿನಿಂದ ಹಣ ಸೋರುತ್ತಿದೆ ಎಂಬುದು ಗೊತ್ತಾಗುತ್ತದೆ. ಮನೆಯ ಹೆಂಗಸರು ಅಡಿಗೆಮನೆಗೂ ಇಂಥದೇ ಒಂದು ಪುಟ ಇಟ್ಟರೆ ಒಳ್ಳೆಯದೇ. ಆದರೆ ಅವರಿಗೆ ಇದು ಮೊದಲೇ ಗೊತ್ತಿದೆ, ಗೊತ್ತಿಲ್ಲದವರು ಗಲ್ಲದ ಮೇಲೆ ಕೂತ ನಾವು.

ಹೆಚ್ಚಿನ ಅಂಗಡಿಗಳಲ್ಲಿ ಆ ಪುಟದಲ್ಲಿ ಗೆಲ್ಲುವುದು "ಹೆಚ್ಚಾಗಿ ತಂದದ್ದು" ಎಂಬ ಮಾತೇ. ಹನ್ನೆರಡು ಪೆಟ್ಟಿಗೆ ಕೊಂಡರೆ ಒಂದು ಉಚಿತ ಎಂದು ಏಜೆಂಟರು ಬರುತ್ತಾರೆ. ನಮ್ಮ ಅಂಗಡಿಯಲ್ಲಿ ತೇದಿ ಮುಗಿಯುವುದರೊಳಗೆ ಹತ್ತು ಪೆಟ್ಟಿಗೆ ಮಾತ್ರ ಖರ್ಚಾಗುತ್ತದೆ. ಹದಿಮೂರು ಬಂದವು, ಹತ್ತು ಹೋದವು, ಮೂರು ಉಳಿದವು. ಹತ್ತನ್ನೇ ಕೊಂಡಿದ್ದರೆ ಹತ್ತರ ಹಣ ಕೊಡುತ್ತಿದ್ದೆವು. ಉಚಿತದ ಆಸೆಗೆ ಹನ್ನೆರಡರ ಹಣ ಕೊಟ್ಟೆವು. ಆ ಒಂದು ಉಚಿತ ಪೆಟ್ಟಿಗೆಗೆ ಎರಡು ಪೆಟ್ಟಿಗೆಯ ಬೆಲೆ ತೆತ್ತ ಹಾಗಾಯಿತು. ಮೂರು ಪೆಟ್ಟಿಗೆ ಕಸ ಎತ್ತಿಸುವ ಖರ್ಚು ಬೇರೆ. ಶ್ರಾವಕರ ಅಣುವ್ರತಗಳಲ್ಲಿ ಪರಿಗ್ರಹ ಪರಿಮಾಣ ಎಂಬುದೊಂದಿದೆ. ನಾವು ಅದನ್ನು ಹೊಲ, ಮನೆ, ಬಂಗಾರಗಳಿಗೆ ಮಾತ್ರ ಎಂದು ತಿಳಿದಿದ್ದೇವೆ. ಉಗ್ರಾಣದ ದಾಸ್ತಾನಿಗೆ ಅದನ್ನು ಅನ್ವಯಿಸಿ ನೋಡಿದರೆ ಪುಣ್ಯದ ಮಾತು ಹಾಗಿರಲಿ, ಬಡ್ಡಿ ಉಳಿಯುತ್ತದೆ.

ಇನ್ನೊಂದು ವಿಷಯ ಹೇಳಬೇಕು. ಪೊಟ್ಟಣಗಳ ಮೇಲೆ ಇಂಥ ತಾರೀಖಿನೊಳಗೆ ಬಳಸಿ ಎಂದು ಅಚ್ಚು ಹಾಕುವ ಪದ್ಧತಿ ಈಚಿನದು. ನಮ್ಮ ಮನೆಗಳಲ್ಲಿ ಅದು ಬಹಳ ಹಿಂದಿನಿಂದ ಇದೆ. ನಾವು ಅದನ್ನು 'ಮರ್ಯಾದೆ' ಎನ್ನುತ್ತೇವೆ. ಹಿಟ್ಟಿಗೆ ಚಳಿಗಾಲದಲ್ಲಿ 7 ದಿನ, ಬೇಸಿಗೆಯಲ್ಲಿ 5 ದಿನ, ಮಳೆಗಾಲದಲ್ಲಿ 3 ದಿನ. ಆ ಮೇಲೆ ಅದರಲ್ಲಿ ಜೀವೋತ್ಪತ್ತಿಯಾಗುತ್ತದೆಂದು ಬಿಟ್ಟುಬಿಡುತ್ತಾರೆ. ಇದನ್ನು ಕೇಳಿ ಹೊರಗಿನವರು, ಇಷ್ಟು ಬೇಗ ಎಸೆದರೆ ನಷ್ಟವಲ್ಲವೇ ಎಂದು ಕೇಳುವುದುಂಟು. ಮರ್ಯಾದೆ ಪಾಲಿಸುವ ಮನೆಯಲ್ಲಿ ಹಿಟ್ಟು ಎಸೆಯುವ ಪ್ರಸಂಗ ಬರುವುದೇ ಇಲ್ಲ, ಏಕೆಂದರೆ ಮಳೆಗಾಲದಲ್ಲಿ ಮೂರು ದಿನಕ್ಕೆ ಬೇಕಾದಷ್ಟನ್ನೇ ಬೀಸಿಸುತ್ತಾರೆ. ನಿಯಮ ಇರುವುದು ಎಸೆಯುವುದಕ್ಕಲ್ಲ, ಅಳತೆಯಿಂದ ತರುವುದಕ್ಕೆ. ಅಂಗಡಿಯಲ್ಲೂ ಅಷ್ಟೆ. ಪ್ರತಿಯೊಂದು ಸರಕಿಗೂ ನಿಮ್ಮದೇ ಒಂದು ಮರ್ಯಾದೆ ಬರೆದಿಟ್ಟುಕೊಳ್ಳಿ; ಅದು ಮಳೆಗಾಲಕ್ಕೊಂದು, ಬೇಸಿಗೆಗೊಂದು ಇರಲಿ.

ಕಾಳಿನ ಹುಳುವಿನ ವಿಚಾರ ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಕಿರಾಣಿ ಅಂಗಡಿಯ ಕಸದಲ್ಲಿ ಇದರ ಪಾಲು ದೊಡ್ಡದು, ನಮಗೆ ಇದರಲ್ಲಿ ಹಿಂಸೆಯ ಪ್ರಶ್ನೆಯೂ ಇದೆ. ಹೆಸರು, ಅಲಸಂದೆ, ಕಡಲೆ ಮುಂತಾದ ಕಾಳುಗಳಿಗೆ ಬೀಳುವ ಹುಳು ಇಡೀ ಕಾಳಿನ ಮೇಲೆ ಮೊಟ್ಟೆ ಇಡುತ್ತದೆ. ಮರಿ ಒಳಗೆ ಕೊರೆದು ಬೆಳೆದು ತೂತು ಮಾಡಿ ಹೊರಗೆ ಬರುತ್ತದೆ. ಬೆಚ್ಚನೆಯ ಹವೆಯಲ್ಲಿ ಸುಮಾರು ಒಂದು ತಿಂಗಳಿಗೆ ಒಂದು ಪೀಳಿಗೆ ಮುಗಿಯುತ್ತದೆ. ಕಾಳು ಹೊಲದಿಂದ ಬರುವಾಗಲೇ ಕೆಲವು ಮೊಟ್ಟೆ ಹೊತ್ತು ಬಂದಿರುತ್ತದೆ, ಅದನ್ನು ನಾವು ತಡೆಯಲಾರೆವು. ಆದರೆ ಆ ಚೀಲ ಮೂರು ವಾರದಲ್ಲಿ ಖಾಲಿಯಾದರೆ ಎರಡನೆಯ ಪೀಳಿಗೆ ನಮ್ಮ ಅಂಗಡಿಯಲ್ಲಿ ಹುಟ್ಟುವುದೇ ಇಲ್ಲ. ಮೂರು ತಿಂಗಳು ಇಟ್ಟರೆ ಹತ್ತು ಹುಳು ಸಾವಿರವಾಗುತ್ತದೆ, ಕಾಳು ಹಿಟ್ಟಾಗುತ್ತದೆ. ಆಗ ಒಂದೋ ವಿಷದ ಮಾತ್ರೆ ಇಡಬೇಕು, ಇಲ್ಲವೇ ಚೀಲವನ್ನೇ ಎಸೆಯಬೇಕು. ಎರಡರಲ್ಲೂ ನಷ್ಟ, ಎರಡರಲ್ಲೂ ಪಾಪ. ಹುಟ್ಟಿದ ಮೇಲೆ ಕೊಲ್ಲದಿರುವುದು ಹೇಗೆ ಎಂದು ಕೇಳುವುದಕ್ಕಿಂತ ಹುಟ್ಟಲು ಅವಕಾಶವಾಗದ ಹಾಗೆ ಇಡುವುದು ಹೇಗೆ ಎಂದು ಕೇಳುವುದು ಲೇಸು.

ಬೇಳೆ ಮಾಡಿದ ಕಾಳಿಗೆ ಈ ಹುಳುವಿನ ಕಾಟ ಕಡಿಮೆ. ಆದ್ದರಿಂದ ಮಳೆಗಾಲಕ್ಕೆ ಇಡೀ ಕಾಳಿನ ದಾಸ್ತಾನು ಇಳಿಸಿ ಬೇಳೆಯ ದಾಸ್ತಾನು ಇಟ್ಟುಕೊಳ್ಳುವುದು ಜಾಣತನ. ತೊಗರಿಬೇಳೆಗೆ ಹರಳೆಣ್ಣೆ ಸವರುವುದು, ತೊಗರಿಕಾಳಿಗೆ ಕೆಮ್ಮಣ್ಣು ಕಟ್ಟುವುದು, ಹುಳು ಬೀಳುವ ಮುಂಚೆಯೇ ಕಾಳನ್ನು ಒಳ್ಳೆಯ ಬಿಸಿಲಿಗೆ ಹಾಕಿ ಆರಿದ ಮೇಲೆ ತುಂಬುವುದು, ಒಣಗಿದ ಬೇವಿನ ಎಲೆ ಹಾಕುವುದು, ಇವೆಲ್ಲ ನಮ್ಮ ಹಿರಿಯರು ಮಾಡುತ್ತಿದ್ದವೇ. ಇವುಗಳಲ್ಲಿ ಖರ್ಚು ಕಡಿಮೆ. ಚೀಲಗಳನ್ನು ನೆಲದ ಮೇಲೆ ಇಡದೆ ಮರದ ಹಲಗೆಯ ಮೇಲೆ, ಗೋಡೆಯಿಂದ ಒಂದು ಅಡಿ ಬಿಟ್ಟು ಇಟ್ಟರೆ ತೇವವೂ ಹತ್ತುವುದಿಲ್ಲ, ಇಲಿ ಬಂದದ್ದೂ ತಿಳಿಯುತ್ತದೆ. ಬಾಗಿಲ ಕೆಳಗಿನ ಸಂದಿಗೆ ತಗಡು ಹೊಡೆಸಲು ತಗಲುವ ಖರ್ಚು ಒಂದು ಚೀಲ ಅಕ್ಕಿಯ ಬೆಲೆಗಿಂತ ಕಡಿಮೆ. ಹಾಗಿದ್ದೂ ಇಲಿ ಪಾಷಾಣ ಇಡುವವರು ನಮ್ಮವರಲ್ಲಿ ಇದ್ದಾರೆ. ಅದನ್ನು ಮಾರುವವರೂ ಇದ್ದಾರೆ, ಆ ಮಾತು ಇನ್ನೊಮ್ಮೆ.

ಹೊಸ ಸರಕು ಬಂದಾಗ ಹಳೆಯದನ್ನು ಮುಂದಕ್ಕೆ ಎಳೆದು ಹೊಸದನ್ನು ಹಿಂದೆ ಇಡಬೇಕೆಂಬುದು ಎಲ್ಲರಿಗೂ ಗೊತ್ತು. ಅವಸರದಲ್ಲಿ ಮಾಡುವವರು ಕಡಿಮೆ. ಹುಡುಗರಿಗೆ ಹೇಳಿ ಮಾಡಿಸಿ, ಅಷ್ಟೆ.

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಗುಣವ್ರತಗಳನ್ನು ಹೇಳುವಾಗ ಅನರ್ಥದಂಡ ವ್ರತವನ್ನು ವಿವರಿಸಿದ್ದಾರೆ. ಪ್ರಯೋಜನವಿಲ್ಲದ ಪಾಪಕಾರ್ಯ ಅನರ್ಥದಂಡ. ಅದರ ಐದು ಬಗೆಗಳಲ್ಲಿ ಪ್ರಮಾದಚರ್ಯೆ ಒಂದು: ಕಾರಣವಿಲ್ಲದೆ ನೆಲ ಅಗೆಯುವುದು, ನೀರು ಚೆಲ್ಲುವುದು, ಬೆಂಕಿ ಹೊತ್ತಿಸುವುದು, ಗಿಡ ಕಡಿಯುವುದು ಇತ್ಯಾದಿ. ಹೊಟ್ಟೆಪಾಡಿಗಾಗಿ ಆಗುವ ಆರಂಭದ ಹಿಂಸೆ ಗೃಹಸ್ಥನಿಗೆ ತಪ್ಪಿದ್ದಲ್ಲ ಎಂದು ಶಾಸ್ತ್ರವೇ ಒಪ್ಪುತ್ತದೆ. ಆದರೆ ಬೆಳೆದ ಕಾಳು ಯಾರ ಹೊಟ್ಟೆಗೂ ಹೋಗದೆ ತಿಪ್ಪೆಗೆ ಹೋದರೆ, ಅದನ್ನು ಬೆಳೆಯುವಾಗ, ಸಾಗಿಸುವಾಗ ಆದ ಹಿಂಸೆಯೆಲ್ಲ ಅನರ್ಥವೇ ಆಯಿತಲ್ಲ. ಮುನಿಗಳ ಐದು ಸಮಿತಿಗಳಲ್ಲಿ ಕೊನೆಯದು ಉತ್ಸರ್ಗ ಸಮಿತಿ, ಅಂದರೆ ಮಲಮೂತ್ರಾದಿಗಳನ್ನು ಜೀವಿಗಳಿಲ್ಲದ ಜಾಗ ನೋಡಿ ಬಿಡುವ ಎಚ್ಚರ. ಬಿಸಾಡುವುದಕ್ಕೂ ಒಂದು ಶಿಸ್ತು ಹಾಕಿಕೊಟ್ಟ ಪರಂಪರೆ ನಮ್ಮದು. ಅಂಗಡಿಯ ಹಿಂದಿನ ಚರಂಡಿ ನೋಡಿದರೆ ಯಾರೂ ಹಾಗೆ ಹೇಳಲಾರರು.

ಚರಂಡಿ ಎಂದ ಕೂಡಲೆ ನಮ್ಮ ಊರಿನ ಮಾತು ಬರಲೇಬೇಕು. ಕೊಳತ್ತೂರು ಇರುವುದು ಮೆಟ್ಟೂರು ಜಲಾಶಯದ ಪಕ್ಕದಲ್ಲಿ. 1934ರಲ್ಲಿ ಮುಗಿದ ಈ ಅಣೆಕಟ್ಟಿನ ಪೂರ್ಣ ಮಟ್ಟ 120 ಅಡಿ. ನೀರು ಬಹಳ ಇಳಿದ ವರ್ಷಗಳಲ್ಲಿ ಪಣ್ಣವಾಡಿ ಹತ್ತಿರ ಮುಳುಗಿದ ಹಳೆಯ ನಂದಿಯೂ ಇಗರ್ಜಿಯ ಗೋಪುರವೂ ಮೇಲೆ ಕಾಣುತ್ತವೆ, ನೋಡಲು ಜನ ಬರುತ್ತಾರೆ. ದಂಡೆಯ ಕೆಸರಿನಲ್ಲಿ ಪ್ಲಾಸ್ಟಿಕ್ ಚೀಲಗಳೂ ಕಾಣುತ್ತವೆ, ಅದನ್ನು ನೋಡಲು ಯಾರೂ ಬರುವುದಿಲ್ಲ. ನಮ್ಮ ಅಂಗಡಿಬೀದಿಯ ಚರಂಡಿಗೆ ಬಿದ್ದದ್ದು ಮಳೆ ಬಂದಾಗ ಹಳ್ಳಕ್ಕೆ, ಹಳ್ಳದಿಂದ ಜಲಾಶಯಕ್ಕೆ ಹೋಗುತ್ತದೆ. ಸೇಲಂ ಪಟ್ಟಣದವರು ಕುಡಿಯುವುದು ಮೆಟ್ಟೂರಿನ ನೀರನ್ನೇ. ನಾವು ಮನೆಯಲ್ಲಿ ಬಟ್ಟೆ ಕಟ್ಟಿ ನೀರು ಸೋಸಿ ಕುಡಿಯುವವರು, ಬೇರೆಯವರು ಕುಡಿಯುವ ನೀರಿಗೆ ಏನು ಬಿಡುತ್ತಿದ್ದೇವೆ ಎಂಬುದನ್ನೂ ನೋಡಬೇಕಲ್ಲವೇ?

ನೀರು ಸೋಸುವ ನಮ್ಮ ಪದ್ಧತಿಯಲ್ಲಿ ಒಂದು ಸೂಕ್ಷ್ಮವಿದೆ. ಬಟ್ಟೆಯ ಮೇಲೆ ಉಳಿದ ಜೀವಿಗಳನ್ನು ನೆಲಕ್ಕೆ ಒದರುವುದಿಲ್ಲ. ಜೀವಾಣಿ ಎಂದು ಕರೆದು, ನೀರು ತಂದ ಅದೇ ಬಾವಿಗೆ ಮೆಲ್ಲಗೆ ಬಿಡುತ್ತಾರೆ. ಎಲ್ಲಿಂದ ಬಂತೋ ಅಲ್ಲಿಗೇ ಹೋಗಬೇಕು. ವ್ಯಾಪಾರದಲ್ಲೂ ಹಿಂದೆ ಹೀಗೆಯೇ ಇತ್ತು. ಎಣ್ಣೆಯ ಡಬ್ಬ ಗಾಣದವನಿಗೆ ಹೋಗುತ್ತಿತ್ತು, ಗೋಣಿಚೀಲ ಮಂಡಿಗೆ, ಗೋಲಿಸೋಡಾದ ಬಾಟಲಿ ಸೋಡಾದವನಿಗೆ. ಬಾಟಲಿ ಒಡೆದರೆ ಹುಡುಗನಿಗೆ ಬೈಗುಳ ಬೀಳುತ್ತಿತ್ತು, ಏಕೆಂದರೆ ಅದರ ಮೇಲೆ ಠೇವಣಿ ಇತ್ತು. ಮದ್ಯದ ಮಾತು ಈ ಪತ್ರಿಕೆಯಲ್ಲಿ ಬರಬಾರದು, ಆದರೂ ಒಂದು ಸಂಗತಿ ಹೇಳದೆ ಇರಲಾರೆ. 2022ರಲ್ಲಿ ಮದರಾಸು ಹೈಕೋರ್ಟಿನ ಆದೇಶದ ಮೇಲೆ ನೀಲಗಿರಿ ಜಿಲ್ಲೆಯ ಸರಕಾರಿ ಮದ್ಯದಂಗಡಿಗಳಲ್ಲಿ ಬಾಟಲಿಗೆ 10 ರೂಪಾಯಿ ಹೆಚ್ಚಿಗೆ ತೆಗೆದುಕೊಂಡು, ಖಾಲಿ ಬಾಟಲಿ ತಂದರೆ ಆ 10 ರೂಪಾಯಿ ಹಿಂದಕ್ಕೆ ಕೊಡುವ ಏರ್ಪಾಡು ಬಂತು. ಕಾಡಿನಲ್ಲಿ ಬಾಟಲಿ ಒಡೆದು ಪ್ರಾಣಿಗಳ ಕಾಲಿಗೆ ಚುಚ್ಚುತ್ತಿದ್ದುದು ಅದಕ್ಕೆ ಕಾರಣ. ಆಮೇಲೆ ಬೇರೆ ಜಿಲ್ಲೆಗಳಿಗೂ ಅದು ಹಬ್ಬಿತು. ಕುಡಿದವನು ಕೂಡ ಹತ್ತು ರೂಪಾಯಿಗೆ ಬಾಟಲಿ ಜೋಪಾನ ಮಾಡುತ್ತಾನೆಂದ ಮೇಲೆ ನಮ್ಮ ಗಿರಾಕಿಗಳು ಎಣ್ಣೆಯ ಕ್ಯಾನಿಗೆ ಠೇವಣಿ ಇಟ್ಟು ಹಿಂದಕ್ಕೆ ತಂದುಕೊಡಲಾರರೇ?

ಪ್ಲಾಸ್ಟಿಕ್ ಚೀಲದ ವಿಚಾರದಲ್ಲಿ ತಮಿಳುನಾಡಿನಲ್ಲಿ 2019ರ ಜನವರಿ 1ರಿಂದ ನಿಷೇಧವಿದೆ. ಎಷ್ಟೇ ದಪ್ಪವಿದ್ದರೂ ಕೈಚೀಲ ಕೊಡುವ ಹಾಗಿಲ್ಲ. ಒಳಗೆ ಪ್ಲಾಸ್ಟಿಕ್ ಲೇಪವಿರುವ ಕಾಗದದ ಲೋಟವೂ ನಿಷಿದ್ಧ. ಅದು ಕಾಗದವಲ್ಲವೇ ಎಂದು ವಾದಿಸಿದವರು ಸುಪ್ರೀಂ ಕೋರ್ಟಿನ ತನಕ ಹೋದರು, 2023ರಲ್ಲಿ ಅಲ್ಲಿಯೂ ನಿಷೇಧವೇ ಉಳಿಯಿತು. ದೇಶದ ಉಳಿದ ಕಡೆ 2022ರ ಜುಲೈ 1ರಿಂದ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚಗಳು ನಿಂತವು. ಆ ವರ್ಷದ ಕೊನೆಯಿಂದ ಕೈಚೀಲ 120 ಮೈಕ್ರಾನಿಗಿಂತ ತೆಳ್ಳಗಿರಬಾರದೆಂದಾಯಿತು. ಕರ್ನಾಟಕದಲ್ಲಿರುವ ಓದುಗರು ಅಲ್ಲಿಯ ನಿಯಮಗಳನ್ನು ವಿಚಾರಿಸಿಕೊಳ್ಳಿ. ಚೆನ್ನೈಯಲ್ಲಿ 2021ರ ಡಿಸೆಂಬರಿನಲ್ಲಿ ಸರಕಾರದವರು 'ಮೀಂಡುಂ ಮಂಜಪ್ಪೈ' ಎಂದು ಹಳದಿ ಬಟ್ಟೆಚೀಲದ ಚಳವಳಿ ಶುರುಮಾಡಿದರು. ಮದುವೆ ಮನೆಯಲ್ಲಿ ತೆಂಗಿನಕಾಯಿ ತಾಂಬೂಲ ಹಾಕಿ ಕೊಡುತ್ತಿದ್ದ ಆ ಹಳದಿ ಚೀಲ ಕೈಯಲ್ಲಿದ್ದರೆ ಹಳ್ಳಿಗಮಾರ ಎಂದು ನಗುತ್ತಿದ್ದರು. ಈಗ ಮಂತ್ರಿಗಳೇ ಹಿಡಿದು ಚಿತ್ರ ತೆಗೆಸಿಕೊಳ್ಳುತ್ತಾರೆ. ಕಾಲ ತಿರುಗುತ್ತದೆ.

ನಿಷೇಧದಿಂದ ವ್ಯಾಪಾರಿಗೆ ಕಷ್ಟವಾಯಿತೆಂದು ಹಲವರು ಹೇಳುತ್ತಾರೆ. ನನ್ನ ಲೆಕ್ಕ ಬೇರೆ. ಹಿಂದೆ ಉಚಿತವಾಗಿ ಚೀಲ ಕೊಡುತ್ತಿದ್ದಾಗ ದಿನಕ್ಕೆ ನೂರು ಗಿರಾಕಿಗಳಿದ್ದ ಅಂಗಡಿಯಲ್ಲಿ ತಲೆಗೆ ಒಂದು ರೂಪಾಯಿನ ಚೀಲ ಎಂದರೂ ವರ್ಷಕ್ಕೆ 30,000 ರೂಪಾಯಿ ಚೀಲಕ್ಕೇ ಹೋಗುತ್ತಿತ್ತು. ಕಾನೂನು ಬಂದದ್ದರಿಂದ ಪಕ್ಕದ ಅಂಗಡಿಯವನೂ ಕೊಡುವ ಹಾಗಿಲ್ಲ, ನಾವೂ ಕೊಡಬೇಕಾಗಿಲ್ಲ. ಗಿರಾಕಿ ತನ್ನ ಚೀಲ ತಾನೇ ತರುತ್ತಾನೆ. ಕದ್ದುಮುಚ್ಚಿ ಕೊಡುವವರಿಗೆ ಮಾತ್ರ ಚೀಲದ ಖರ್ಚೂ ಉಂಟು, ದಂಡದ ಭಯವೂ ಉಂಟು.

ಇನ್ನು ರಟ್ಟಿನ ಪೆಟ್ಟಿಗೆಗಳು. ಇವು ಕಸವೇ ಅಲ್ಲ, ಸರಕು. ಬಿಚ್ಚಿ ಚಪ್ಪಟೆ ಮಾಡಿ, ದಾರ ಕಟ್ಟಿ, ಮಳೆ ತಾಗದ ಕಡೆ ಇಟ್ಟರೆ ಗುಜರಿಯವರು ತೂಕಕ್ಕೆ ಕೊಂಡುಹೋಗುತ್ತಾರೆ. ನೆನೆದ ರಟ್ಟನ್ನು ಅವರು ಅರ್ಧ ಬೆಲೆಗೆ ಕೇಳುತ್ತಾರೆ, ಇಲ್ಲವೇ ಬೇಡವೆನ್ನುತ್ತಾರೆ. ರಾತ್ರಿ ಅಂಗಡಿ ಮುಂದೆ ರಟ್ಟು, ಕಾಗದ, ಪ್ಲಾಸ್ಟಿಕ್ ಒಟ್ಟುಹಾಕಿ ಬೆಂಕಿ ಕೊಡುವ ಅಭ್ಯಾಸ ಇನ್ನೂ ಹೋಗಿಲ್ಲ. 2016ರ ಡಿಸೆಂಬರಿನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು ಬಯಲಲ್ಲಿ ಕಸ ಸುಟ್ಟರೆ 5,000 ರೂಪಾಯಿ, ದೊಡ್ಡ ಪ್ರಮಾಣದಲ್ಲಿ ಸುಟ್ಟರೆ 25,000 ರೂಪಾಯಿ ಎಂದು ದಂಡ ಗೊತ್ತುಮಾಡಿತು. ದಂಡದ ಮಾತು ಬಿಡಿ. ರಾತ್ರಿ ದೀಪಕ್ಕೆ ಹುಳು ಬಂದು ಬೀಳುತ್ತದೆಂದು ಸೂರ್ಯಾಸ್ತಕ್ಕೆ ಮುಂಚೆ ಊಟ ಮುಗಿಸುವವರು ನಾವು, ಅದೇ ರಾತ್ರಿ ಬೀದಿಯಲ್ಲಿ ಕಸಕ್ಕೆ ಬೆಂಕಿ ಇಡುವುದು ಎಂಥ ನ್ಯಾಯ?

ಒಬ್ಬರ ಅಂಗಡಿಯ ರಟ್ಟಿಗೆ ಗುಜರಿಯವರು ಗಾಡಿ ತರುವುದಿಲ್ಲ ಎಂಬುದು ನಿಜ. ಐದಾರು ಅಂಗಡಿಯವರು ಸೇರಿ ಒಂದು ಕಡೆ ಇಟ್ಟು, ವಾರಕ್ಕೊಮ್ಮೆ ಒಟ್ಟಿಗೆ ತೂಕ ಮಾಡಿಸಿದರೆ ಬರುತ್ತಾರೆ, ಬೆಲೆಯನ್ನೂ ಸರಿಯಾಗಿ ಕೊಡುತ್ತಾರೆ. ತಕ್ಕಡಿ ನಮ್ಮದೇ ಇರಲಿ.

ಒಬ್ಬರ ಕಸ ಇನ್ನೊಬ್ಬರ ಸರಕು ಎಂಬುದಕ್ಕೆ ನಮ್ಮ ಸೇಲಂ ಸೀಮೆಗಿಂತ ಒಳ್ಳೆಯ ಉದಾಹರಣೆ ಬೇಡ. ಇಲ್ಲಿಯ ಜವ್ವರಿಸಿ, ಅಂದರೆ ಸಾಬಕ್ಕಿ, ಮರಗೆಣಸಿನಿಂದ ಆಗುವುದು. ಕಂದಮೂಲವಾದ್ದರಿಂದ ನಮ್ಮವರು ಹೆಚ್ಚಿನವರು ತಿನ್ನುವುದಿಲ್ಲ, ಆದರೆ ಕಲಿಯಲು ಅಡ್ಡಿಯಿಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಹೊರದೇಶದ ಸಾಬಕ್ಕಿ ಬರುವುದು ನಿಂತಾಗ, 1943ರ ಸುಮಾರಿಗೆ, ಸೇಲಂನ ಮಾಣಿಕ್ಯಂ ಚೆಟ್ಟಿಯಾರ್ ಎಂಬ ವ್ಯಾಪಾರಿ ಪೆನಾಂಗಿನಿಂದ ಬಂದಿದ್ದ ಪೋಪಟ್‌ಲಾಲ್ ಷಾ ಅವರ ಜೊತೆ ಸೇರಿ ಕೈಕಸುಬಿನ ರೀತಿಯಲ್ಲಿ ಇದನ್ನು ಶುರುಮಾಡಿದರು. 1981ರಲ್ಲಿ ತಯಾರಕರ ಸಹಕಾರ ಸಂಘ 'ಸಾಗೋಸರ್ವ್' ಆಯಿತು. 2023ರಲ್ಲಿ ಸೇಲಂ ಜವ್ವರಿಸಿಗೆ ಭೌಗೋಳಿಕ ಗುರುತು ಸಿಕ್ಕಿತು.

ಗೆಣಸು ಅರೆದು ಹಾಲು ತೆಗೆದ ಮೇಲೆ ನಾರಿನಂಥ ಹಿಪ್ಪೆ ಉಳಿಯುತ್ತದೆ. ಇದಕ್ಕೆ 'ತಿಪ್ಪಿ' ಎನ್ನುತ್ತಾರೆ. ಅದನ್ನು ಒಣಗಿಸಿ ದನದ ಮೇವಿಗೆ ಮಾರುತ್ತಾರೆ. ಕಷ್ಟ ಕೊಟ್ಟದ್ದು ನೀರು. ಗೆಣಸು ತೊಳೆದ, ಹಿಟ್ಟು ಇಳಿಸಿದ ಹುಳಿ ನೀರನ್ನು ಹಳ್ಳಕ್ಕೆ, ಹೊಲಕ್ಕೆ ಬಿಟ್ಟು ನಾತ, ಬಾವಿ ಕೆಟ್ಟಿತೆಂಬ ಜಗಳ, ಮಾಲಿನ್ಯ ಮಂಡಳಿಯ ನೋಟೀಸು. ಕೊನೆಗೆ ಹಲವು ಕಾರ್ಖಾನೆಯವರು ಆ ನೀರನ್ನು ಮುಚ್ಚಿದ ತೊಟ್ಟಿಗೆ ಹಾಯಿಸಿ, ಅದರಲ್ಲಿ ಹುಟ್ಟುವ ಗ್ಯಾಸು ಹಿಡಿದು, ತಮ್ಮದೇ ಒಲೆಗೆ, ಯಂತ್ರಕ್ಕೆ ಬಳಸತೊಡಗಿದರು. ಚೆಲ್ಲಲು ದುಡ್ಡು ಕೊಡುತ್ತಿದ್ದ ನೀರಿನಿಂದ ಸೌದೆ, ಕರೆಂಟಿನ ಖರ್ಚು ಇಳಿಯಿತು. ತೊಟ್ಟಿ ಕಟ್ಟಲು ಬಂಡವಾಳ ಬೇಕಾಯಿತು, ಅದು ಸಣ್ಣವರಿಗೆ ಭಾರವೇ. ಆದರೂ ದಾರಿ ಕಾಣಿಸಿತು.

ಧರ್ಮಪುರಿ ಕಡೆಯ ಹುಣಸೆ ವ್ಯಾಪಾರವೂ ಹೀಗೆಯೇ. ಹಣ್ಣು ಬಿಡಿಸಿದ ಮೇಲೆ ಉಳಿದ ಬೀಜಕ್ಕೆ ಬೇರೆಯೇ ಗಿರಾಕಿಗಳಿದ್ದಾರೆ. ಅದರ ಹಿಟ್ಟಿನಿಂದ ನೂಲಿಗೆ ಗಂಜಿ ಹಾಕುತ್ತಾರೆ. ತೆಂಗಿನ ಕರಟ ಇದ್ದಿಲಿಗೆ ಹೋಗುತ್ತದೆ, ಕಡಲೆಕಾಯಿ ಸಿಪ್ಪೆ ಉರುವಲಾಗುತ್ತದೆ. ನಿಮ್ಮ ಅಂಗಡಿಯ ಬುಟ್ಟಿಯಲ್ಲಿ ದಿನವೂ ಒಂದೇ ಜಾತಿಯದು ಬೀಳುತ್ತಿದ್ದರೆ, ಅದನ್ನು ಬೇರೆಯದರ ಜೊತೆ ಬೆರೆಸದೆ ಶುದ್ಧವಾಗಿ ಇಟ್ಟು, ಕೊಳ್ಳುವವರು ಯಾರಿದ್ದಾರೆಂದು ವಿಚಾರಿಸಿ. ಬೆರೆತರೆ ಎರಡಕ್ಕೂ ಬೆಲೆ ಇಲ್ಲ. ರಟ್ಟಿಗೆ ಸಾರು ಚೆಲ್ಲಿದರೆ ರಟ್ಟೂ ಹೋಯಿತು, ಸಾರನ್ನು ದನವೂ ಮುಟ್ಟುವುದಿಲ್ಲ.

ಹಸಿ ಕಸದ ಬಗ್ಗೆ ನಮ್ಮವರಲ್ಲಿ ಎರಡು ಮಾತಿದೆ. ಗುಂಡಿ ತೋಡಿ ಗೊಬ್ಬರ ಮಾಡಿದರೆ ಅಸಂಖ್ಯ ಜೀವಿಗಳು ಹುಟ್ಟಿ ಸಾಯುತ್ತವೆ, ಅದು ಶ್ರಾವಕನಿಗೆ ಸಲ್ಲದು ಎನ್ನುವವರಿದ್ದಾರೆ. ಅವರ ಭಾವನೆಯನ್ನು ಗೌರವಿಸುತ್ತೇನೆ. ಆದರೆ ನಮ್ಮ ಹಿತ್ತಿಲಿನಲ್ಲಿ ಆಗಬಾರದೆಂದು ಪಂಚಾಯಿತಿ ಗಾಡಿಗೆ ಹಾಕಿದರೆ ಅದೇ ಕೊಳೆತ ಊರ ಹೊರಗಿನ ರಾಶಿಯಲ್ಲಿ, ಪ್ಲಾಸ್ಟಿಕ್ಕಿನ ಜೊತೆ, ಇನ್ನೂ ಕೆಟ್ಟ ರೀತಿಯಲ್ಲಿ ಆಗುತ್ತದೆ. ಜಾಗ ಬದಲಾಯಿತು, ಪಾಪ ಬದಲಾಗಲಿಲ್ಲ. ಆದ್ದರಿಂದ ಹಸಿ ಕಸ ಹುಟ್ಟದಂತೆ ನೋಡುವುದು ಮೊದಲು. ಹುಟ್ಟಿದ್ದನ್ನು, ತರಕಾರಿ ಸಿಪ್ಪೆ, ಬಾಳೆ ಎಲೆಗಳನ್ನು, ಕೊಳೆಯುವ ಮುಂಚೆ ಅದೇ ದಿನ ದನ ಸಾಕುವವರಿಗೆ ಕೊಡುವುದು ಎರಡನೆಯದು. ಬುಟ್ಟಿಯಲ್ಲಿ ಕೊಡಿ, ಪ್ಲಾಸ್ಟಿಕ್ ಚೀಲದಲ್ಲಿ ಗಂಟು ಕಟ್ಟಿ ಬೀದಿಗೆ ಎಸೆದರೆ ಹಸು ಚೀಲದ ಸಮೇತ ನುಂಗುತ್ತದೆ.

ಸಣ್ಣ ಹೋಟೆಲು, ಮೆಸ್ ನಡೆಸುವವರಿಗೆ ಇದು ಇನ್ನೂ ಮುಖ್ಯ. ನಮ್ಮ ಊರಿನ ರಸ್ತೆ ಮೆಟ್ಟೂರಿನಿಂದ ಪಾಲಾರ್ ಮೇಲೆ ಮಾದೇಶ್ವರನ ಬೆಟ್ಟಕ್ಕೆ ಹೋಗುವ ರಸ್ತೆ. ಅಮಾವಾಸ್ಯೆ, ಶಿವರಾತ್ರಿ, ಯುಗಾದಿಗೆ ಬಸ್ಸು ತುಂಬಿ ಜನ ಹೋಗುತ್ತಾರೆ, ಮಿಕ್ಕ ದಿನ ಬೀದಿ ಖಾಲಿ. ಪಂಚಾಂಗವನ್ನು ಒಲೆಯ ಪಕ್ಕ ನೇತುಹಾಕಿ ಅಕ್ಕಿ ನೆನೆಹಾಕುವವನಿಗೆ ರಾತ್ರಿ ಹಿಟ್ಟು ಉಳಿಯುವುದಿಲ್ಲ. ಸಾಗು, ಪಲ್ಯವನ್ನು ಮೊದಲೇ ತಟ್ಟೆ ತುಂಬ ಬಡಿಸದೆ ಕೇಳಿದಾಗ ಮತ್ತೆ ಬಡಿಸಿದರೆ ಎಂಜಲು ಕಡಿಮೆಯಾಗುತ್ತದೆ. ಗಿರಾಕಿಗೂ ಎರಡು ಸಲ ಕೇಳಿದರೆಂಬ ಸಂತೋಷ. ಎಂಜಲಿನಲ್ಲಿ ಅಂತರ್ಮುಹೂರ್ತದಲ್ಲೇ ಸಮ್ಮೂರ್ಛನ ಜೀವಿಗಳು ಹುಟ್ಟುತ್ತವೆ ಎಂದು ಹಿರಿಯರು ಹೇಳುತ್ತಾರೆ. ತಟ್ಟೆಯಲ್ಲಿ ಏನೂ ಬಿಡದೆ, ತಟ್ಟೆ ತೊಳೆದ ನೀರನ್ನೂ ಕುಡಿಯುವವರು ನಮ್ಮಲ್ಲಿ ಇದ್ದಾರೆ. ಬಸದಿಯ ಉತ್ಸವಗಳ ಊಟದಲ್ಲಿ ಮಾತ್ರ ಈ ಶಾಸ್ತ್ರ ನಮಗೆ ಮರೆತುಹೋಗುತ್ತದೆ. ಅಲ್ಲಿ ಕಾಗದದ ತಟ್ಟೆ, ಅರ್ಧ ತಿಂದ ಹೋಳಿಗೆ. ಸ್ಟೀಲ್ ತಟ್ಟೆ ಬಾಡಿಗೆಗೆ ತರಲು ಸಮಿತಿಯವರಿಗೆ ಏನು ತೊಂದರೆಯೋ ಕಾಣೆ.

ಉಳಿದದ್ದು ಯಾರಿಗೂ ಬೇಡವಾದ ಸರಕು: ಹಳೆಯ ಟ್ಯೂಬ್‌ಲೈಟು, ಸಣ್ಣ ಸೆಲ್ಲು, ಅವಧಿ ಮುಗಿದ ಕೀಟನಾಶಕ, ಪೇಂಟಿನ ಡಬ್ಬ. ಇವನ್ನು ಹಸಿ ಕಸಕ್ಕೂ ಹಾಕಬಾರದು, ರಟ್ಟಿನ ಜೊತೆಗೂ ಸೇರಿಸಬಾರದು. ಒಂದು ಮುಚ್ಚಳದ ಡಬ್ಬದಲ್ಲಿ ಮಕ್ಕಳ ಕೈಗೆ ಸಿಗದ ಹಾಗೆ ಬೇರೆ ಇಟ್ಟು, ಪಂಚಾಯಿತಿಯವರು ತೆಗೆದುಕೊಳ್ಳುವ ದಿನ ಕೇಳಿ ಅವರ ಕೈಗೇ ಕೊಡಬೇಕು. ಇನ್ವರ್ಟರಿನ ಹಳೆಯ ಬ್ಯಾಟರಿಯನ್ನು ಹೊಸದು ಕೊಳ್ಳುವ ಅಂಗಡಿಗೇ ಕೊಟ್ಟರೆ ಬೆಲೆಯಲ್ಲಿ ಮುರಿದುಕೊಳ್ಳುತ್ತಾರೆ. 2022ರ ಬ್ಯಾಟರಿ ನಿಯಮಗಳ ಪ್ರಕಾರ ಹಳೆಯದನ್ನು ಹಿಂದಕ್ಕೆ ತೆಗೆದುಕೊಳ್ಳುವ ಹೊಣೆ ತಯಾರಕರ ಮೇಲೂ ಇದೆ. ಗುಜರಿಯವನಿಗೆ ಹಾಕಿದರೆ ಅವನು ಎಲ್ಲೋ ಒಡೆದು ಆಸಿಡ್ ಚೆಲ್ಲಿ ಸೀಸ ತೆಗೆಯುತ್ತಾನೆ, ಐವತ್ತು ನೂರು ರೂಪಾಯಿ ಹೆಚ್ಚು ಕೊಟ್ಟರೂ ಬೇಡ.

ಮುಂದಿನ ತಿಂಗಳು ಉದ್ದರಿ ವಸೂಲಿಯ ಬಗ್ಗೆ ಬರೆಯಬೇಕೆಂದಿದ್ದೇನೆ. ಅಷ್ಟರೊಳಗೆ ಒಂದು ತಿಂಗಳ ಕಸದ ಪುಟ ಬರೆದವರು ಯಾರಾದರೂ ಇದ್ದರೆ, ಹೆಸರು ಬೇಡ, ನಾಲ್ಕನೆಯ ಮನೆಯಲ್ಲಿ ಯಾವ ಮಾತು ಹೆಚ್ಚು ಸಲ ಬಂತೆಂದು ಪತ್ರಿಕೆಯ ವಿಳಾಸಕ್ಕೆ ಒಂದು ಕಾರ್ಡು ಹಾಕಿ.